ನಲ್ಲಿಯಲ್ಲಿ ‘ಫೋರ್ಸ್’ ಇಲ್ಲ ಎಂದರೆ ಇಲ್ಲದಿರುವುದು ಯಾವುದು?

ಪ್ರಶ್ನೆ: ನಾನು ಮುಂಬೈ ಬಳಿಯ ಡೊಂಬಿವಲಿಯಲ್ಲಿ ಹನ್ನೆರಡನೇ ಸಾಯನ್ಸ್ ಓದುತ್ತಿದ್ದೇನೆ. ಹತ್ತರವರೆಗೆ ಕನ್ನಡ ಮಾಧ್ಯಮ. ದ್ರವಗಳು, ಅಲೆಗಳು, ಹನ್ನೊಂದರಲ್ಲೇ ಸರಿಯಾಗಿ ಕೂರದ ಬಲದ ನಿಯಮಗಳು, ಈ ಮೂರರಲ್ಲಿ ಸೂತ್ರ ಗೊತ್ತಿದ್ದರೂ ಉತ್ತರ ತಪ್ಪುತ್ತದೆ. ದ್ರವದ ಒತ್ತಡ ಆಳವನ್ನು ನೋಡಿ ಎಂದು ಪುಸ್ತಕ ಹೇಳುತ್ತದೆ. ಟೆರೇಸಿನ ಟ್ಯಾಂಕ್ ದೊಡ್ಡದು ಮಾಡಿಸಿದರೆ ಏಳನೇ ಮಹಡಿಗೆ ಫೋರ್ಸ್ ಬರುತ್ತದೆ ಎಂದು ನಮ್ಮ ಸೊಸೈಟಿಯವರು ಹೇಳುತ್ತಾರೆ. ಪೈಪು ಇಕ್ಕಟ್ಟಾದ ಕಡೆ ಒತ್ತಡ ಕಡಿಮೆ ಎನ್ನುತ್ತಾನೆ ಹರಿಯುವ ದ್ರವದ ನಿಯಮ ಕೊಟ್ಟ ಬರ್ನೂಲಿ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಇನ್ನೂ ಜೋರಾಗಿ ಚಿಮ್ಮುತ್ತದಲ್ಲ? ಲೋಕಲ್ ರೈಲು ಬ್ರೇಕ್ ಹಾಕಿದಾಗ ಮುಂದಕ್ಕೆ ತಳ್ಳುವ ಬಲವನ್ನು ಚಿತ್ರದಲ್ಲಿ ತೋರಿಸಿದರೆ ಮಾರ್ಕ್ಸ್ ಕಟ್. ಅನುರಣನ ನಳಿಕೆಯ ಪ್ರಯೋಗದಲ್ಲಿ ಶಬ್ದದ ವೇಗ ಸೆಕೆಂಡಿಗೆ 329 ಮೀಟರ್ ಬಂತು, ಪುಸ್ತಕದ 332ಕ್ಕೆ ಹತ್ತಿರವೇ ಇದೆ, ಆದರೂ ಸರ್ ತಪ್ಪು ಎಂದರು. ಸೂತ್ರ ಬಾಯಿಪಾಠ ಮಾಡಿ ಎಂಸಿಕ್ಯೂ ಬಿಡಿಸು ಎಂದು ಕ್ಲಾಸಿನವರು, ಈ ಮೂರನ್ನೂ ಬಿಟ್ಟು ಉಳಿದದ್ದು ಗಟ್ಟಿ ಮಾಡಿಕೊ ಎಂದು ಅಪ್ಪ. ನಾನು ಏನು ಮಾಡಲಿ?

ಉತ್ತರ: ನೀವು ಕೊಟ್ಟ ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಗಣಿತ ಎಲ್ಲೂ ಎಡವಿಲ್ಲ. ಯಾವ ವಸ್ತುವಿನ ಮಾತು, ಅದರ ಯಾವ ಅಳತೆಯ ಮಾತು ಎಂದು ತೀರ್ಮಾನಿಸದೆ ಸೂತ್ರಕ್ಕೆ ಕೈ ಹಾಕುತ್ತಿದ್ದೀರಿ. ಮೂರೂ ಪಾಠಗಳಲ್ಲಿ ಆಗುತ್ತಿರುವುದು ಇದೇ.

ಮೊದಲು ‘ಫೋರ್ಸ್’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ‘ನಲ್ಲೀಲಿ ಫೋರ್ಸ್ ಇಲ್ಲ’ ಎಂದು ಮನೆಯಲ್ಲಿ ಹೇಳುವಾಗ ಅದರಲ್ಲಿ ಮೂರು ಸಂಗತಿ ಕೂಡಿಕೊಂಡಿರುತ್ತವೆ. ಪೈಪಿನೊಳಗಿನ ಒತ್ತಡ ಒಂದು, ಅದನ್ನು ಪಾಸ್ಕಲ್‌ನಲ್ಲಿ ಅಳೆಯುತ್ತೇವೆ. ನೀರು ಹೊರಬರುವ ವೇಗ ಇನ್ನೊಂದು, ಸೆಕೆಂಡಿಗೆ ಇಷ್ಟು ಮೀಟರ್. ಬಕೆಟ್ ತುಂಬುವ ಪ್ರಮಾಣ ಮೂರನೆಯದು, ನಿಮಿಷಕ್ಕೆ ಇಷ್ಟು ಲೀಟರ್. ನ್ಯೂಟನ್‌ನಲ್ಲಿ ಅಳೆಯುವ ನಿಜವಾದ ಬಲ ಈ ಮೂರರಲ್ಲೂ ಇಲ್ಲ. ಮೂರೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವಾಗ ಒಂದೇ ಮಾತು ಸಾಕಾಗುತ್ತದೆ. ಹೆಬ್ಬೆರಳು ಇಟ್ಟ ಕೂಡಲೇ ಒಂದು ಏರಿ ಇನ್ನೊಂದು ಇಳಿಯುತ್ತದೆ, ಆಗ ಆ ಮಾತು ಕೈಕೊಡುತ್ತದೆ.

ಈಗ ಟ್ಯಾಂಕ್. ಮಹಡಿಗೆ 3 ಮೀಟರ್ ಎಂದು ಹಿಡಿದು, ಟ್ಯಾಂಕಿನ ನೀರಿನ ಮಟ್ಟ ನೆಲದಿಂದ 26 ಮೀಟರ್ ಎತ್ತರದಲ್ಲಿದೆ ಎನ್ನಿ. ಏಳನೇ ಮಹಡಿಯ ನಲ್ಲಿ ಸುಮಾರು 22 ಮೀಟರಿನಲ್ಲಿ, ಎರಡನೇ ಮಹಡಿಯದ್ದು 7 ಮೀಟರಿನಲ್ಲಿ. ಮೇಲಿನವರ ನಲ್ಲಿಗೆ ಸಿಗುವ ನೀರಿನ ಎತ್ತರ 4 ಮೀಟರ್, ಕೆಳಗಿನವರಿಗೆ 19 ಮೀಟರ್. ಸಾಂದ್ರತೆ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ನಲ್ಲಿ ಮುಚ್ಚಿರುವಾಗ ಮೇಲೆ 39 ಕಿಲೋಪಾಸ್ಕಲ್, ಕೆಳಗೆ 186. ಟ್ಯಾಂಕ್ ಹತ್ತು ಸಾವಿರ ಲೀಟರಿನದೋ ಇಪ್ಪತ್ತು ಸಾವಿರದ್ದೋ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಅಷ್ಟೊಂದು ನೀರಿನ ಭಾರ ಎಲ್ಲಿ ಹೋಯಿತು ಎಂದು ನಿಮಗೆ ಅನ್ನಿಸುತ್ತಿರಬೇಕು. ಪೈಪಿನ ಬಾಯಿಯ ನೇರ ಮೇಲಿರುವ ನೀರಿನ ಕಂಬವೊಂದನ್ನೇ ಮನಸ್ಸಿನಲ್ಲಿ ಬೇರೆ ಮಾಡಿ ನೋಡಿ. ಆ ಕಂಬವನ್ನು ಕೆಳಗಿನ ನೀರು ಹೊರಬೇಕು. ಅಕ್ಕಪಕ್ಕದ ನೀರನ್ನು ಹೊರುವುದು ಟ್ಯಾಂಕಿನ ತಳ. ಅಕ್ಕಪಕ್ಕದ ನೀರು ಈ ಕಂಬವನ್ನು ಅಡ್ಡಲಾಗಿ ಒತ್ತುತ್ತದೆ, ಕೆಳಕ್ಕೆ ಒತ್ತುವುದಿಲ್ಲ. ಟ್ಯಾಂಕ್ ಅಗಲ ಮಾಡಿದರೆ ತಳಕ್ಕೆ ಹೊರೆ ಹೆಚ್ಚುತ್ತದೆ, ಪೈಪಿಗೆ ಏನೂ ಗೊತ್ತಾಗುವುದಿಲ್ಲ.

ಬಿಂದಿಗೆಯನ್ನೂ ಹೀಗೇ ನೋಡಬಹುದು. ಒಂದೇ ಅಗಲದ ತಳವಿರುವ ನೆಟ್ಟಗಿನ ಪಾತ್ರೆಯಲ್ಲೂ, ಮೇಲೆ ಕಿರಿದಾಗುವ ಬಿಂದಿಗೆಯಲ್ಲೂ ಒಂದೇ ಎತ್ತರಕ್ಕೆ ನೀರು ತುಂಬಿದರೆ ತಳದ ಮೇಲೆ ನೀರು ಹಾಕುವ ಬಲ ಒಂದೇ, ಬಿಂದಿಗೆಯಲ್ಲಿ ನೀರು ಕಡಿಮೆ ಇದ್ದರೂ. ಒಳಕ್ಕೆ ಬಾಗಿದ ಹೆಗಲನ್ನು ನೀರು ಮೇಲಕ್ಕೆ ಒತ್ತುತ್ತದೆ, ಹೆಗಲು ಅಷ್ಟೇ ಬಲದಿಂದ ನೀರನ್ನು ಕೆಳಕ್ಕೆ ಒತ್ತುತ್ತದೆ. ಕೊರತೆ ತುಂಬುವುದು ಅಲ್ಲಿ. ಬಿಂದಿಗೆಯನ್ನು ತಕ್ಕಡಿಗೆ ಇಟ್ಟರೆ ಮಾತ್ರ ಅದರಲ್ಲಿರುವಷ್ಟೇ ನೀರಿನ ತೂಕ ತೋರುತ್ತದೆ, ಏಕೆಂದರೆ ತಳದ ಒತ್ತು, ಹೆಗಲಿನ ಒತ್ತು ಎರಡೂ ಅದೇ ಬಿಂದಿಗೆಯ ಮೇಲೆ ಬಿದ್ದು ಒಂದಿಷ್ಟು ಕಳೆದುಹೋಗುತ್ತವೆ. ನೀರಿನ ಮೇಲಿನ ಬಲ, ಬಿಂದಿಗೆಯ ಮೇಲಿನ ಬಲ ಎಂದು ಎರಡು ಚಿತ್ರ ಬೇರೆ ಬೇರೆ ಬರೆದರೆ ಇದರಲ್ಲಿ ಗೊಂದಲವೇ ಉಳಿಯುವುದಿಲ್ಲ.

ನಿಮ್ಮ ಸೊಸೈಟಿಯವರಿಗೆ ಹೇಳಬಹುದಾದದ್ದು ಇಷ್ಟು. ದೊಡ್ಡ ಟ್ಯಾಂಕಿನಿಂದ ನೀರು ಹೆಚ್ಚು ಹೊತ್ತು ಬರುತ್ತದೆ, ಜೋರಾಗಿ ಬರುವುದಿಲ್ಲ. ಟ್ಯಾಂಕನ್ನು 2 ಮೀಟರ್ ಎತ್ತರಿಸಿದರೆ ಏಳನೇ ಮಹಡಿಗೆ 4ರ ಬದಲು 6 ಮೀಟರ್ ಸಿಗುತ್ತದೆ, ಅಂದರೆ ಒತ್ತಡ ಒಂದೂವರೆ ಪಟ್ಟು. ಎರಡನೆಯವರಿಗೆ 19 ಹೋಗಿ 21, ಗೊತ್ತೇ ಆಗದಷ್ಟು. ಕಿರಿದಾದ ಅಥವಾ ಒಳಗೆ ಕಿಲುಬು ಕಟ್ಟಿದ ಪೈಪು ಬದಲಿಸಿದರೂ ಪ್ರಯೋಜನವಿದೆ. ಇಪ್ಪತ್ತು ಸಾವಿರ ಲೀಟರ್ ನೀರೆಂದರೆ 20 ಟನ್ ಭಾರ. ಹಳೆಯ ಕಟ್ಟಡದ ಟೆರೇಸ್ ಅದನ್ನು ತಾಳುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರರನ್ನು ಕೇಳದೆ ಟ್ಯಾಂಕ್ ಏರಿಸುವುದೂ ಹಿಗ್ಗಿಸುವುದೂ ಅಪಾಯ.

ಹೆಬ್ಬೆರಳಿನ ಪ್ರಶ್ನೆ ಬಹಳ ಒಳ್ಳೆಯದು. ಇದನ್ನು ಸಂಖ್ಯೆ ಹಾಕಿಯೇ ನೋಡಬೇಕು. ಕೆಳಗೆ ಗಾಡಿ ತೊಳೆಯುವ ಅರ್ಧ ಇಂಚಿನ ಪೈಪು, ಒಳವ್ಯಾಸ 12.5 ಮಿಲಿಮೀಟರ್, ನೀರಿನ ಎತ್ತರ 20 ಮೀಟರ್ ಎನ್ನಿ. ಬಾಯಿ ಪೂರ್ತಿ ತೆರೆದಿದ್ದಾಗ 20 ಲೀಟರ್ ಬಕೆಟ್ 60 ಸೆಕೆಂಡಿನಲ್ಲಿ ತುಂಬಿತು. ಪೈಪಿನ ಅಡ್ಡಕೊಯ್ತ 123 ಚದರ ಮಿಲಿಮೀಟರ್, ಆದ್ದರಿಂದ ವೇಗ ಸೆಕೆಂಡಿಗೆ 2.7 ಮೀಟರ್. ಆ ವೇಗಕ್ಕೆ ಬೇಕಾದ ಎತ್ತರ 0.4 ಮೀಟರೂ ಅಲ್ಲ. ಉಳಿದ ಹತ್ತೊಂಬತ್ತೂವರೆ ಮೀಟರಿನಷ್ಟು ಎಲ್ಲಿ ಹೋಯಿತು? ಪೈಪಿನ ಗೋಡೆ, ತಿರುವು, ವಾಲ್ವ್‌ಗಳ ಘರ್ಷಣೆ ತಿಂದುಹಾಕಿತು.

ಈಗ ಹೆಬ್ಬೆರಳು ಒತ್ತಿ. ಬಕೆಟ್ ತುಂಬಲು 120 ಸೆಕೆಂಡು ಹಿಡಿಯಿತು ಎನ್ನಿ. ಹರಿವು ಅರ್ಧವಾಯಿತು. ಇಂಥ ಪೈಪಿನಲ್ಲಿ ಘರ್ಷಣೆಯ ನಷ್ಟ ವೇಗದ ವರ್ಗಕ್ಕೆ ಹೆಚ್ಚುಕಡಿಮೆ ಅನುಗುಣವಾಗಿರುತ್ತದೆ, ಹಾಗಾಗಿ ನಷ್ಟ ಕಾಲು ಭಾಗಕ್ಕೆ ಇಳಿದು ಸುಮಾರು 5 ಮೀಟರ್ ಆಯಿತು. ಉಳಿದ 15 ಮೀಟರಿನಷ್ಟು ಒತ್ತಡ ಹೆಬ್ಬೆರಳಿನ ಹಿಂದೆಯೇ ಬಂದು ನಿಂತಿದೆ. ಅದು ಸಂದಿಯಿಂದ ನೀರನ್ನು ಸೆಕೆಂಡಿಗೆ ಸುಮಾರು 17 ಮೀಟರ್ ವೇಗದಲ್ಲಿ ಚಿಮ್ಮಿಸುತ್ತದೆ. ಹರಿವು ಅರ್ಧ, ವೇಗ ಆರು ಪಟ್ಟು; ಸಂದಿಯ ವಿಸ್ತೀರ್ಣ ಮೊದಲಿನ ಬಾಯಿಯ ಹನ್ನೆರಡನೇ ಒಂದು ಭಾಗಕ್ಕೂ ತುಸು ಕಡಿಮೆ. ಎಷ್ಟೇ ಒತ್ತಿದರೂ ವೇಗ ಸೆಕೆಂಡಿಗೆ 19.8 ಮೀಟರ್ ದಾಟುವುದಿಲ್ಲ, 20 ಮೀಟರ್ ಎತ್ತರ ಕೊಡಬಲ್ಲ ಗರಿಷ್ಠ ಅದೇ.

ಬರ್ನೂಲಿ ಇಲ್ಲಿ ಸುಳ್ಳಾಗಲಿಲ್ಲ. ಅವನ ಮಾತು ಒಂದೇ ಹರಿವಿನ ಎರಡು ಜಾಗಗಳ ನಡುವಿನದು: ಹೆಬ್ಬೆರಳಿನ ಹಿಂದಿನ ಅಗಲವಾದ ಜಾಗದಲ್ಲಿ ಒತ್ತಡ ಹೆಚ್ಚು, ಸಂದಿಯ ಬಾಯಲ್ಲಿ ವಾತಾವರಣದಷ್ಟೇ. ನೀವು ಹೋಲಿಸಿದ್ದು ಹೆಬ್ಬೆರಳು ಇಡುವ ಮೊದಲಿನ ಹರಿವನ್ನು ಇಟ್ಟ ಮೇಲಿನ ಹರಿವಿನೊಂದಿಗೆ. ‘ಅಗಲ ಕಡಿಮೆಯಾದಷ್ಟು ವೇಗ ಹೆಚ್ಚು’ ಎಂಬ ನಿರಂತರತೆಯ ಸೂತ್ರವನ್ನೂ ಹಾಗೆ ಎರಡು ಹರಿವುಗಳ ನಡುವೆ ಹಾಕಬಾರದು.

ಇಕ್ಕಟ್ಟಿನಲ್ಲಿ ಒತ್ತಡ ಏಕೆ ಕಡಿಮೆ ಎಂಬುದಕ್ಕೂ ಉತ್ತರ ನ್ಯೂಟನ್‌ನಲ್ಲೇ ಇದೆ. ಅಗಲದಿಂದ ಇಕ್ಕಟ್ಟಿಗೆ ನುಗ್ಗುತ್ತಿರುವ ನೀರಿನ ಒಂದು ತೆಳುಬಿಲ್ಲೆ ಹಿಡಿಯಿರಿ. ಅದರ ವೇಗ ಹೆಚ್ಚುತ್ತಿದೆ, ಆದ್ದರಿಂದ ಅದನ್ನು ಮುಂದಕ್ಕೆ ಯಾರೋ ತಳ್ಳಲೇಬೇಕು. ತಳ್ಳಬಲ್ಲದ್ದು ಹಿಂದಿನ ನೀರು, ತಡೆಯಬಲ್ಲದ್ದು ಮುಂದಿನ ನೀರು. ಹಿಂದೆ ಒತ್ತಡ ಹೆಚ್ಚು, ಮುಂದೆ ಕಡಿಮೆ ಇದ್ದರೆ ಮಾತ್ರ ಬಿಲ್ಲೆ ವೇಗ ಪಡೆಯುತ್ತದೆ. ಮಟ್ಟಸವಾದ ಪೈಪಿನಲ್ಲಿ ವೇಗ 2ರಿಂದ 4 ಮೀಟರಿಗೆ ಏರಿದರೆ ಒತ್ತಡದ ಇಳಿಕೆ 6 ಕಿಲೋಪಾಸ್ಕಲ್. ‘ವೇಗ ಹೆಚ್ಚಾದ್ದರಿಂದ ಒತ್ತಡ ಇಳಿಯಿತು’ ಎಂದು ಬರೆದರೆ ಕಾರಣ ತಲೆಕೆಳಗಾಗುತ್ತದೆ. ಕಾಗದದ ಪಟ್ಟಿಯ ಮೇಲೆ ಊದಿದರೆ ಅದು ಏಳುವುದನ್ನೂ ಬರ್ನೂಲಿಗೆ ಉದಾಹರಣೆಯಾಗಿ ಕೊಡುತ್ತಾರೆ, ಅದು ಸರಿಯಲ್ಲ. ಬಾಯಿಂದ ಹೊರಬಂದ ಗಾಳಿಯ ಒತ್ತಡ ವಾತಾವರಣದಷ್ಟೇ ಇರುತ್ತದೆ. ಬಾಗಿದ ಪಟ್ಟಿಯನ್ನು ಅನುಸರಿಸಿ ಗಾಳಿ ಕೆಳಕ್ಕೆ ತಿರುಗುತ್ತದೆ, ಆ ತಿರುವಿನಿಂದ ಪಟ್ಟಿಯ ಮೇಲ್ಬದಿಯಲ್ಲಿ ಒತ್ತಡ ಇಳಿಯುತ್ತದೆ.

ಲೋಕಲ್ ವಿಷಯ ಚಿಕ್ಕದು. ಚಿತ್ರದಲ್ಲಿ ಎಳೆಯುವ ಪ್ರತಿ ಬಾಣಕ್ಕೂ ‘ಇದನ್ನು ಕೊಟ್ಟದ್ದು ಯಾರು?’ ಎಂದು ಕೇಳಿ. ಭೂಮಿ, ನೆಲ, ಹಗ್ಗ, ಕಂಬಿ, ಪಕ್ಕದವರ ಭುಜ ಎಂದು ಹೆಸರು ಹೇಳಲು ಬರದಿದ್ದರೆ ಬಾಣ ಅಳಿಸಿ. 60 ಕಿಲೋ ತೂಕದವರು ಏನನ್ನೂ ಹಿಡಿಯದೆ ನಿಂತಿದ್ದಾರೆ, ಗಾಡಿಯ ವೇಗ ಪ್ರತಿ ಸೆಕೆಂಡಿಗೆ 0.8 ಮೀಟರಿನಂತೆ ಇಳಿಯುತ್ತಿದೆ ಎನ್ನಿ. ಭೂಮಿ ಕೆಳಕ್ಕೆ 588 ನ್ಯೂಟನ್, ನೆಲ ಮೇಲಕ್ಕೆ 588, ನೆಲದ ಘರ್ಷಣೆ ಹಿಂದಕ್ಕೆ 48. ಅಷ್ಟೇ. ಮುಂದಕ್ಕೆ ತಳ್ಳುವವರು ಯಾರೂ ಇಲ್ಲ. ಘರ್ಷಣೆ ಪಾದವನ್ನು ಗಾಡಿಯ ಜೊತೆ ನಿಧಾನಿಸುತ್ತದೆ, ಮೇಲಿನ ಮೈ ಹಳೆಯ ವೇಗದಲ್ಲೇ ಸಾಗುತ್ತದೆ, ಆದ್ದರಿಂದ ಮುಗ್ಗರಿಸುತ್ತೇವೆ. ಗಾಡಿಯೊಳಗೆ ಕೂತವರ ದೃಷ್ಟಿಯಿಂದ ಬಿಡಿಸುವುದಾದರೆ ಮುಂದಕ್ಕೆ 48 ನ್ಯೂಟನ್ ಮಿಥ್ಯಾಬಲ ಸೇರಿಸಬಹುದು, ಆದರೆ ಹಾಗೆಂದು ಮೊದಲೇ ಬರೆಯಬೇಕು, ಮತ್ತು ಆ ಲೆಕ್ಕದಲ್ಲಿ ವೇಗೋತ್ಕರ್ಷ ಸೊನ್ನೆ ಆಗಬೇಕು. ಎರಡು ದೃಷ್ಟಿ ಬೆರೆಸಿದರೆ ಮಾರ್ಕ್ಸ್ ಹೋಗುತ್ತದೆ. ಇನ್ನೊಂದು, 588ರ ಆ ಎರಡು ಬಾಣಗಳು ಕ್ರಿಯೆ-ಪ್ರತಿಕ್ರಿಯೆಯ ಜೋಡಿ ಅಲ್ಲ. ಎರಡೂ ಒಂದೇ ದೇಹದ ಮೇಲಿವೆ. ಭೂಮಿಯ ಎಳೆತಕ್ಕೆ ಜೋಡಿ, ಆ ದೇಹ ಭೂಮಿಯನ್ನು ಎಳೆಯುವುದು.

ಅಲೆಗಳಲ್ಲಿ ‘ವಸ್ತು ಯಾವುದು’ ಎಂಬ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಸಾಗುವುದು ಆಕಾರ, ಅಲುಗುವುದು ನೀರು. ನಾರಳಿ ಪೌರ್ಣಿಮೆಗೆ ಮೀನುಗಾರರು ಕಡಲಿಗೆ ಬಿಡುವ ತೆಂಗಿನಕಾಯಿಯನ್ನು ತೆರೆ ಒಡೆಯುವ ಜಾಗದಿಂದ ಆಚೆಗೆ ಗಮನಿಸಿ. ತೆರೆಯ ಏರು ಬಂದಾಗ ಅದು ಮೇಲೇರುತ್ತದೆ, ತುದಿಯಲ್ಲಿ ಮುಂದಕ್ಕೆ ಸರಿಯುತ್ತದೆ, ಇಳಿಯುತ್ತದೆ, ತಗ್ಗಿನಲ್ಲಿ ಹಿಂದಕ್ಕೆ ಬರುತ್ತದೆ. ಒಂದು ಸುತ್ತು ಮುಗಿದಾಗ ಬಹುತೇಕ ಅಲ್ಲೇ ಇರುತ್ತದೆ, ಸ್ವಲ್ಪವೇ ಮುಂದೆ. ಅಷ್ಟರಲ್ಲಿ ತೆರೆ ಎಷ್ಟೋ ದೂರ ಹೋಗಿಬಿಟ್ಟಿರುತ್ತದೆ. ದಡದ ಬಳಿ ತೆರೆ ಒಡೆದ ಮೇಲೆ ಮಾತ್ರ ನೀರೇ ಮುನ್ನುಗ್ಗಿ ಮತ್ತೆ ಒಳಕ್ಕೆ ಸೆಳೆಯುತ್ತದೆ. ಮಳೆಗಾಲದಲ್ಲಿ ಮುಂಬೈಯ ಜುಹೂ ಕಡಲತೀರದಲ್ಲಿ ಮೊಣಕಾಲು ಮಟ್ಟದ ನೀರೂ ಅಪಾಯ ಎನ್ನುವುದು ಅದಕ್ಕೇ.

ಆಳವಿಲ್ಲದ ನೀರಿನಲ್ಲಿ ಉದ್ದನೆಯ ಅಲೆಯ ವೇಗ ಗುರುತ್ವ ಗುಣಿಸು ಆಳದ ವರ್ಗಮೂಲ. ಆಳ 10 ಮೀಟರ್ ಇದ್ದಲ್ಲಿ ಸೆಕೆಂಡಿಗೆ ಸುಮಾರು 10 ಮೀಟರ್, 2.5 ಮೀಟರ್ ಇದ್ದಲ್ಲಿ ಸುಮಾರು 5. ಹನ್ನೆರಡು ಸೆಕೆಂಡಿಗೊಮ್ಮೆ ಬರುವ ತೆರೆ ಎರಡೂ ಕಡೆ ಹನ್ನೆರಡು ಸೆಕೆಂಡಿಗೊಮ್ಮೆಯೇ ಬರುತ್ತದೆ, ತರಂಗದೂರ ಮಾತ್ರ 120 ಮೀಟರಿಂದ 60ಕ್ಕೆ ಇಳಿಯುತ್ತದೆ. ಮಾಧ್ಯಮ ಬದಲಾದಾಗ ಆವೃತ್ತಿ ಬದಲಾಗದು ಎಂಬ ವಾಕ್ಯವನ್ನು ಈ ಚಿತ್ರದೊಂದಿಗೆ ನೆನಪಿಡಿ, ಬೆಳಕಿನ ಪಾಠದಲ್ಲೂ ಇದೇ ಬರುತ್ತದೆ.

ಪರೀಕ್ಷೆಯಲ್ಲಿ ಅಲೆಯ ವೇಗವನ್ನೂ ಕಣದ ವೇಗವನ್ನೂ ಅದಲುಬದಲು ಮಾಡುವವರು ಬಹಳ. ಮೀಟರಿಗೆ 1 ಗ್ರಾಂ ತೂಗುವ ತಂತಿ, 40 ನ್ಯೂಟನ್ ಬಿಗಿತ: ಅಲೆ ಸೆಕೆಂಡಿಗೆ 200 ಮೀಟರ್ ಓಡುತ್ತದೆ. ಅದೇ ತಂತಿ 50 ಹರ್ಟ್ಸ್‌ನಲ್ಲಿ 2 ಮಿಲಿಮೀಟರ್ ಪಾರದಿಂದ (ನಡುವಿನಿಂದ ಒಂದು ಬದಿಗೆ ಸರಿಯುವ ಗರಿಷ್ಠ ದೂರ) ಕಂಪಿಸಿದರೆ ತಂತಿಯ ಕಣದ ಗರಿಷ್ಠ ವೇಗ ಸೆಕೆಂಡಿಗೆ 0.63 ಮೀಟರ್. ಮೊದಲನೆಯದು ತಂತಿಯ ಬಿಗಿತ ಮತ್ತು ತೂಕದಿಂದ ಬಂದದ್ದು, ಎರಡನೆಯದು ನೀವು ಎಷ್ಟು ಜೋರಾಗಿ ಮೀಟಿದಿರಿ ಎಂಬುದರಿಂದ.

ಡಾಪ್ಲರ್ ಪರಿಣಾಮದ ಬಗ್ಗೆ, ಅಂದರೆ ಸದ್ದಿನ ಮೂಲ ಚಲಿಸುವಾಗ ಶ್ರುತಿ ಬದಲಾಗಿ ಕೇಳಿಸುವುದರ ಬಗ್ಗೆ, ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಮ್ಮ ಸ್ಟೇಷನ್‌ನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಹಾರ್ನ್ ಹೊಡೆಯುತ್ತ ಹತ್ತಿರ ಬರುವಾಗ ಶ್ರುತಿ ಏರುತ್ತಾ ಹೋಗುತ್ತದೆ ಎಂದು ಅನೇಕರು ಬರೆಯುತ್ತಾರೆ. ಏರುತ್ತಾ ಹೋಗುವುದು ಸದ್ದಿನ ಜೋರು. ಶ್ರುತಿ ದೂರದಿಂದಲೇ ಎತ್ತರದಲ್ಲಿರುತ್ತದೆ, ಹಾದುಹೋಗುವಾಗ ಇಳಿಯುತ್ತದೆ. 400 ಹರ್ಟ್ಸ್ ಹಾರ್ನ್, ಗಾಡಿ ಸೆಕೆಂಡಿಗೆ 25 ಮೀಟರ್, ಶಬ್ದ 340 ಎಂದಾದರೆ ಬರುವಾಗ 432, ಹೋಗುವಾಗ 373. ಸಂಗೀತ ಗೊತ್ತಿದ್ದವರಿಗೆ ಇದು ಷಡ್ಜಕ್ಕೂ ಚತುಃಶ್ರುತಿ ರಿಷಭಕ್ಕೂ ಇರುವ ಅಂತರಕ್ಕಿಂತ ತುಸು ಹೆಚ್ಚು.

ಇನ್ನು ನಿಮ್ಮ 329. ಇದರಲ್ಲಿ ಒಂದು ಮೋಸ ಅಡಗಿದೆ. 332 ಎಂಬುದು ಸೊನ್ನೆ ಡಿಗ್ರಿಯ ಗಾಳಿಯಲ್ಲಿ. ನಿಮ್ಮ ಲ್ಯಾಬಿನಲ್ಲಿ 27 ಡಿಗ್ರಿ ಇದ್ದರೆ ಬರಬೇಕಾದದ್ದು ಸುಮಾರು 347. ನೀವು 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಬಳಸಿ, ಮೊದಲ ಅನುರಣನ, ಅಂದರೆ ನಳಿಕೆಯ ನೀರನ್ನು ಇಳಿಸುತ್ತಾ ಹೋದಾಗ ಸದ್ದು ಮೊದಲ ಸಲ ಜೋರಾಗುವ ಗಾಳಿಯ ಉದ್ದ, 16 ಸೆಂಟಿಮೀಟರಿನ ಆಸುಪಾಸಿನಲ್ಲಿ ಸಿಕ್ಕಿ, ಅದನ್ನು ನಾಲ್ಕರಿಂದ ಗುಣಿಸಿ ತರಂಗದೂರ ಎಂದಿದ್ದೀರಿ ಎಂದು ತೋರುತ್ತದೆ, ಆಗ ಸರಿಯಾಗಿ 329 ಬರುತ್ತದೆ. ಗಾಳಿಯ ಕಂಪನ ನಳಿಕೆಯ ಬಾಯಲ್ಲೇ ನಿಲ್ಲುವುದಿಲ್ಲ, ವ್ಯಾಸದ 0.3 ಪಟ್ಟು ಹೊರಕ್ಕೆ ಚಾಚಿರುತ್ತದೆ. 3 ಸೆಂಟಿಮೀಟರ್ ನಳಿಕೆಗೆ ಅದು 0.9. ಅದನ್ನು ಬಿಟ್ಟಿದ್ದರಿಂದ ಆದ ತಪ್ಪು, ತಾಪಮಾನ ಮರೆತಿದ್ದರಿಂದ ಆದ ತಪ್ಪು ಎರಡೂ ಸೇರಿ ಸರಿ ಉತ್ತರದಂತೆ ಕಂಡಿವೆ. ಎರಡನೇ ಅನುರಣನವನ್ನೂ ಹುಡುಕಿ, ಸುಮಾರು 50 ಸೆಂಟಿಮೀಟರಿನಲ್ಲಿ ಸಿಗಬೇಕು. ಎರಡು ಉದ್ದಗಳ ವ್ಯತ್ಯಾಸವನ್ನು ಇಮ್ಮಡಿಸಿ ಆವೃತ್ತಿಯಿಂದ ಗುಣಿಸಿದರೆ ಬಾಯಿಯ ತಿದ್ದುಪಡಿ ತಾನಾಗಿ ಕಳೆದುಹೋಗುತ್ತದೆ. ಫೋರ್ಕನ್ನು ಮೇಜಿಗೆ ಬಡಿಯಬೇಡಿ, ಬೇಡದ ಸ್ವರಗಳು ಏಳುತ್ತವೆ. ರಬ್ಬರ್ ಪ್ಯಾಡಿಗೆ ತಟ್ಟಿ. ಕವಲುಗಳು ನಳಿಕೆಯ ಉದ್ದಕ್ಕೇ, ಮೇಲೆ ಕೆಳಗೆ ಕಂಪಿಸುವಂತೆ ಹಿಡಿಯಿರಿ. ನೀರಿನ ಮಟ್ಟವನ್ನು ಒಮ್ಮೆ ಇಳಿಸಿ ಬಿಡದೆ, ಸದ್ದು ಹೆಚ್ಚಿದ ಜಾಗದ ಸುತ್ತ ಒಂದು ಸೆಂಟಿಮೀಟರ್ ಮೇಲೆ ಕೆಳಗೆ ಆಡಿಸಿ ಮೂರು ಸಲ ಓದಿ.

ಈಗ ಮುಂದಿನ ದಾರಿ. ತಂದೆಯವರ ಸಲಹೆಯ ಹಿಂದೆ ನಿಮ್ಮ ಮೇಲಿನ ಕಾಳಜಿ ಇದೆ, ಆದರೆ ಮೂರು ಪಾಠ ಬಿಟ್ಟರೆ ಮೂರೇ ಹೋಗುವುದಿಲ್ಲ. ರಸ್ತೆಯ ತಿರುವಿನ ಓಲಿಕೆಯಲ್ಲೂ, ಕಾಂತಕ್ಷೇತ್ರದಲ್ಲಿ ಸುತ್ತುವ ಕಣದಲ್ಲೂ ಬಲದ ಚಿತ್ರವೇ ಬೇಕು. ಬೆಳಕಿನ ಅಲೆ ಪಾಠ ಪೂರ್ತಿ ಅಲೆಗಳ ಮೇಲೆ ನಿಂತಿದೆ. ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಹನ್ನೊಂದರಿಂದ ಸುಮಾರು ಐದರಲ್ಲೊಂದು ಭಾಗ ಬರುತ್ತದೆ, ಉಳಿದದ್ದು ಹನ್ನೆರಡರದು, ಅದರಲ್ಲಿ ದ್ರವ ಮತ್ತು ಅಲೆ ಎರಡೂ ಇವೆ. ಎಂಸಿಕ್ಯೂ ಅಭ್ಯಾಸದಿಂದ ಕೈ ಚುರುಕಾಗುತ್ತದೆ. ಚಿತ್ರ ಕೂರುವ ಮೊದಲು ಶುರುಮಾಡಿದರೆ ತಪ್ಪೇ ಚುರುಕಾಗುತ್ತದೆ, ಪ್ರಶ್ನೆಯ ಮಾತು ತುಸು ತಿರುಗಿಸಿದರೂ ಸಿಕ್ಕಿಬೀಳುತ್ತೀರಿ. ತಪ್ಪಿಗೆ ಮಾರ್ಕ್ಸ್ ಕಳೆಯದ ಪರೀಕ್ಷೆಯಾದ್ದರಿಂದ ಕೊನೆಯ ತಿಂಗಳಲ್ಲಿ ಅದಕ್ಕೆ ಬೆಲೆ ಹೆಚ್ಚು, ಆಗ ಮಾಡಿ.

ನನ್ನ ಸಲಹೆ ನಿಧಾನದ ದಾರಿ, ದಿನಕ್ಕೆ ಒಂದು ಗಂಟೆ, ಆರು ವಾರ. ಮೊದಲ ಎರಡು ವಾರ ಬಲದ ಚಿತ್ರಗಳಷ್ಟೇ, ಸುಮಾರು ನಲವತ್ತು, ಲೆಕ್ಕ ಬಿಡಿಸದೆ. ಆಮೇಲೆ ದ್ರವ, ಕೊನೆಗೆ ಅಲೆ. ದ್ರವದಲ್ಲಿ ಮೇಲ್ಮೈ ಸೆಳೆತದ ಭಾಗ ಉಳಿದದ್ದರಿಂದ ಬಹುಮಟ್ಟಿಗೆ ಬೇರೆಯಾಗಿ ನಿಲ್ಲುತ್ತದೆ, ಧೈರ್ಯಕ್ಕೆ ಅದನ್ನು ಮೊದಲು ಓದಬಹುದು. ಈ ದಾರಿಯ ತೊಂದರೆ ಸಮಯ: ಒಂದು ಗಂಟೆ ಎರಡಾದರೆ ರಸಾಯನಶಾಸ್ತ್ರ ಹಿಂದೆ ಬೀಳುತ್ತದೆ, ಹಾಗಾಗಿ ಗಡಿಯಾರ ನೋಡಿ ಎದ್ದುಬಿಡಿ. ಚಿತ್ರದ ಬಾಣಗಳಿಗೆ ಹೆಸರನ್ನು ಕನ್ನಡದಲ್ಲೇ ಬರೆಯಿರಿ, ‘ನೆಲ ಕಾಲನ್ನು ಹಿಂದಕ್ಕೆ’ ಎಂದು. ನಿಮ್ಮ ಯೋಚನೆ ನಡೆಯುವುದು ಆ ಭಾಷೆಯಲ್ಲಿ. ಉತ್ತರವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಿ, ವ್ಯಾಖ್ಯೆಗಳನ್ನು ಪುಸ್ತಕದಲ್ಲಿದ್ದಂತೆ ಕಲಿಯಿರಿ, ಇಲ್ಲವಾದರೆ ಗೊತ್ತಿದ್ದೂ ಬರೆಯಲಾಗದೆ ಕೂರುತ್ತೀರಿ.

ದ್ರವ ಶುರುವಾಗುವ ದಿನ ಪುಸ್ತಕ ತೆರೆಯುವ ಮುಂಚೆ ಬಕೆಟ್, ಪೈಪು, ಮೊಬೈಲಿನ ಸ್ಟಾಪ್‌ವಾಚ್ ತೆಗೆದುಕೊಂಡು ಕೆಳಗಿಳಿಯಿರಿ. ಹೆಬ್ಬೆರಳು ಇಡದೆ ಒಮ್ಮೆ, ಇಟ್ಟು ಒಮ್ಮೆ ಬಕೆಟ್ ತುಂಬಿಸಿ, ಎರಡೂ ಸೆಕೆಂಡುಗಳನ್ನು ಬರೆದುಕೊಳ್ಳಿ. ಮೇಲಿನ ಲೆಕ್ಕದಲ್ಲಿ ನನ್ನ 60, 120ರ ಜಾಗಕ್ಕೆ ನಿಮ್ಮ ಸಂಖ್ಯೆ ಹಾಕಿ ಕೊನೆಯ ವೇಗ ತೆಗೆಯಿರಿ. ಚೆಲ್ಲದಂತೆ ಬಕೆಟ್ಟನ್ನು ಪೈಪಿನ ಬಾಯಿಗೆ ಹತ್ತಿರ ಹಿಡಿಯಿರಿ, ಆ ನೀರು ಗಿಡಗಳಿಗೆ ಹೋಗಲಿ.